ಹೊನಲು ಬೆಳಕಿನ ಆಟಗಳಿಗೆ ಲೆನ್ಸನ್ನು ಆರಿಸುವ ಬಗೆ

ನಮ್ಮ ಶಾಲೆಯ ಕಚೇರಿಯ ಗೋಡೆಗೆ ತೂಗುಹಾಕಿರುವ ಛಾಯಾಚಿತ್ರಗಳನ್ನು ಮಾಜಿ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಸಾಲಾಗಿ ಕುಳಿತ ಬಾಲಿಕೆಯರು, ನಡುವೆ ಗೆದ್ದು ತಂದ ಢಾಲು, ಎರಡೂ ಮಗ್ಗುಲಿಗೆ ಶಿಕ್ಷಕಿಯರು. ಯಾರ ಕೈಯೂ ಅಲುಗಿಲ್ಲ, ಯಾರ ಕೂದಲೂ ಕೆದರಿಲ್ಲ. ಆ ಚಿತ್ರಗಳಲ್ಲಿ ಆಟದ ಫಲವು ಕಾಣುವುದೇ ಹೊರತು ಆಟವು ಕಾಣುವುದಿಲ್ಲ. ಎದುರಾಳಿಗಳ ಅಂಗಳಕ್ಕೆ ಒಬ್ಬಳೇ ನುಗ್ಗಿ, ಉಸಿರು ಬಿಡದೆ, ಏಳು ಜನರ ಕೈತಪ್ಪಿಸಿ ನಡುಗೆರೆಯನ್ನು ಮುಟ್ಟಿ ಬಿದ್ದ ಹುಡುಗಿಯ ಚಿತ್ರವು ಒಂದಾದರೂ ಅಲ್ಲಿಲ್ಲ. ಇದೇಕೆ ಹೀಗೆ ಎಂದು ಈ ವರುಷ ಹಲವರು ಕೇಳಿದ್ದಾರೆ. ಎಂಥ ಕ್ಯಾಮರಾ ಕೊಂಡರೆ ಮಗಳ ಆಟದ ಚಿತ್ರ ಸಿಕ್ಕೀತೆಂದು ಪಾಲಕರೂ ಕೇಳಿದ್ದಾರೆ. ಅವರಿಗೆ ಉತ್ತರವಾಗಿ, ನಾವು ಒಮ್ಮೆ ಹಣ ಕೆಡಿಸಿಕೊಂಡು ಕಲಿತುದನ್ನು ಇಲ್ಲಿ ಬರೆಯುತ್ತೇವೆ.

ಆಟಗಳು ರಾತ್ರಿಗೆ ಸರಿದಿರುವುದನ್ನು ಮೊದಲು ನೆನೆಯಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಹಬ್ಬ ಜಾತ್ರೆಗಳು ಬಂದವೆಂದರೆ ‘ಹೊನಲು ಬೆಳಕಿನ ಪಂದ್ಯಗಳು’ ಎಂಬ ಫಲಕಗಳು ಊರ ಬಾಗಿಲಲ್ಲಿ ಏಳುವುವು. ಇದರ ಕಾರಣ ತಿಳಿಯುವುದು ಕಷ್ಟವಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಹಗಲು ಯಾರಿಗೂ ಬಿಡುವಿಲ್ಲ; ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವವರು ಮನೆ ಸೇರುವುದು ಸಂಜೆಗೆ; ಬೇಸಗೆಯಲ್ಲಂತೂ ಕೃಷ್ಣಾತೀರದ ಬಿಸಿಲು ಬರಿಗಾಲನ್ನು ಅಂಗಳದಲ್ಲಿ ಊರಗೊಡದು. ಜನರು ಉಂಡು ಕಂಬಳಿ ಹೊದ್ದು ಬಂದು ಕೂರುವ ಹೊತ್ತೇ ಆಟದ ಹೊತ್ತಾಗಿದೆ. ನಮ್ಮ ಹಿರಿಯರು ಹುತುತು ಎಂದು ಕರೆಯುತ್ತಿದ್ದ ಆಟವನ್ನು ಹೆಣ್ಣುಮಕ್ಕಳು ಊರ ಮುಂದೆ ಆಡುವುದನ್ನು ಒಪ್ಪದ ಕಾಲವೊಂದಿತ್ತು. ೨೦೧೦ರಲ್ಲಿ ಚೀನದ ಗುವಾಂಗ್‌ಝೌ ನಗರದ ಏಷ್ಯದ ಕ್ರೀಡೆಗಳಲ್ಲಿ ಮಹಿಳೆಯರ ಕಬಡ್ಡಿಯು ಮೊದಲ ಸಲ ಸೇರಿ, ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿಯವರಿದ್ದ ಭಾರತದ ತಂಡವು ಚಿನ್ನದ ಪದಕವನ್ನು ತಂದ ಮೇಲೆ, ಆ ಆಕ್ಷೇಪಣೆಯ ದನಿ ತಗ್ಗಿತೆಂದು ನಾವು ನಂಬುತ್ತೇವೆ. ಈಗ ನಮ್ಮ ಹುಡುಗಿಯರೂ ದೀಪದ ಕೆಳಗೆ ಆಡುತ್ತಾರೆ.

ಕೆಲವು ವರುಷಗಳ ಹಿಂದೆ ಶಾಲೆಯ ಹಿತೈಷಿಗಳಿಂದ ವಂತಿಗೆ ಎತ್ತಿ ಒಂದು ಕ್ಯಾಮರಾವನ್ನೂ, ಅದರೊಡನೆ ದೂರದ್ದನ್ನು ಹತ್ತಿರ ತರುವ ಉದ್ದನೆಯ ಜೂಮ್ ಲೆನ್ಸನ್ನೂ ಕೊಂಡೆವು. ಆಟದ ಚಿತ್ರಕ್ಕೆ ಉದ್ದದ ಲೆನ್ಸೇ ಬೇಕೆಂದು ನಾವು ತಿಳಿದಿದ್ದೆವು. ಯಾರೂ ಹೇಳಿದ್ದಲ್ಲ, ನಮಗೆ ನಾವೇ ತಿಳಿದದ್ದು. ಆ ವರುಷದ ಕೊನೆಯ ಪಂದ್ಯದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದಳು. ನಾವು ಆ ರಾತ್ರಿ ಇನ್ನೂರಕ್ಕೆ ಕಡಿಮೆಯಿಲ್ಲದಂತೆ ಚಿತ್ರಗಳನ್ನು ತೆಗೆದೆವು. ಮರುದಿನ ಕಂಪ್ಯೂಟರಿನಲ್ಲಿ ನೋಡಲಾಗಿ, ಕಂಬಗಳು ಸ್ಪಷ್ಟ, ಕುಳಿತ ಜನ ಸ್ಪಷ್ಟ, ಪಂಚರ ಸೀಟಿ ಸಹ ಸ್ಪಷ್ಟ. ಆಡುವವರು ಮಾತ್ರ ಬಿಳಿಯ ಹೊಗೆಯ ಎಳೆಗಳಂತೆ ಹರಿದುಹೋಗಿದ್ದರು. ಸೋಮವಾರ ಆ ಹುಡುಗಿ ಬಂದು, “ಅಕ್ಕೋರ, ಅವ್ವಗ ತೋರಸಾಕ ಒಂದರ ಫೋಟೋ ಕೊಡ್ರಿ. ಆಕೀಗಿ ಬರಾಕ ಆಗಿದ್ದಿಲ್ಲ” ಎಂದಳು. ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಆಕೆ ಆ ಬೇಸಗೆಯಲ್ಲಿ ಶಾಲೆಯನ್ನು ಮುಗಿಸಿ ಹೋದಳು.

ತಪ್ಪು ಎಲ್ಲಿ ಆಯಿತೆಂಬುದನ್ನು ವಿವರಿಸುವೆವು. ಕ್ಯಾಮರಾದೊಳಕ್ಕೆ ಬೆಳಕು ಬರುವುದನ್ನು ನಳದಿಂದ ಕೊಡ ತುಂಬುವುದಕ್ಕೆ ಹೋಲಿಸಬಹುದು. ನಳದ ಬಾಯಿ ಕಿರಿದಾಗಿದ್ದರೆ ಕೊಡವು ತುಂಬಲು ಹೊತ್ತು ಹಿಡಿಯುವುದು. ಹಿರಿದಾಗಿದ್ದರೆ ಕ್ಷಣದಲ್ಲಿ ತುಂಬುವುದು. ಹಗಲಿನಲ್ಲಿ ನೀರಿನ ರಭಸವು ಹೆಚ್ಚು, ಆದುದರಿಂದ ಎಂಥ ನಳವಾದರೂ ನಡೆಯುವುದು. ರಾತ್ರಿಯಲ್ಲಿ ಕಂಬದ ದೀಪಗಳು ನಮ್ಮ ಕಣ್ಣಿಗೆ ಎಷ್ಟು ಪ್ರಕಾಶವಾಗಿ ತೋರಿದರೂ, ನಡುಹಗಲಿನ ಬಿಸಿಲಿನ ಎದುರಿಗೆ ಅವು ನೂರರಲ್ಲಿ ಒಂದು ಪಾಲೂ ಅಲ್ಲ. ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡು ನಮ್ಮನ್ನು ಮೋಸಗೊಳಿಸುವುದು, ಕ್ಯಾಮರಾ ಮೋಸಹೋಗದು. ಬೆಳಕು ಸಾಲದಾದಾಗ ಅದು ತನ್ನ ಕದವನ್ನು, ಎಂದರೆ ಶಟರನ್ನು, ಹೆಚ್ಚು ಹೊತ್ತು ತೆರೆದಿಡುವುದು. ಆ ಹೊತ್ತಿನಲ್ಲಿ ಹುಡುಗಿ ಓಡುತ್ತಾಳೆ.

ಇದಕ್ಕೆ ಲೆಕ್ಕವಿದೆ. ದಾಳಿ ಮಾಡುವವಳ ಕೈ ಸೆಕೆಂಡಿಗೆ ೫ ಮೀಟರು ವೇಗದಲ್ಲಿ ಚಾಚುವುದೆಂದು ಇಟ್ಟುಕೊಳ್ಳೋಣ. ಶಟರು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಆ ಕೈ ೧೦ ಸೆಂಟಿಮೀಟರು ಸರಿಯುವುದು. ಅಂಗೈಯ ಅಗಲವೆಲ್ಲ ಅಳಿಸಿಹೋಗುವುದು. ಐನೂರರಲ್ಲಿ ಒಂದು ಪಾಲು ಮಾತ್ರ ತೆರೆದಿದ್ದರೆ ೧ ಸೆಂಟಿಮೀಟರು ಸರಿಯುವುದು, ಬೆರಳುಗಳನ್ನು ಎಣಿಸಬಹುದು. ಆದಕಾರಣ ಆಟಕ್ಕೆ ಐನೂರರಲ್ಲಿ ಒಂದು ಪಾಲು ಎಂಬುದನ್ನು ಗುರಿಯಾಗಿ ಹಿಡಿಯತಕ್ಕದ್ದು. ನಮ್ಮ ಉದ್ದನೆಯ ಲೆನ್ಸು ಅಂದಿನ ದೀಪಗಳಲ್ಲಿ ಐವತ್ತರಲ್ಲಿ ಒಂದು ಪಾಲಿಗಿಂತ ಮೇಲೇರಲಾರದಾಗಿತ್ತು. ಹತ್ತು ಪಟ್ಟು ಬೆಳಕು ಕಡಿಮೆಬಿದ್ದಿತ್ತು.

ಆ ಹತ್ತು ಪಟ್ಟು ಎಲ್ಲಿಂದ ಬರಬೇಕು? ಲೆನ್ಸಿನ ಮುಂದಣ ಉಂಗುರವನ್ನು ನೋಡಿರಿ. ಅಲ್ಲಿ ೧:೧.೮ ಎಂದೋ, ೧:೪-೫.೬ ಎಂದೋ ಅಚ್ಚಾಗಿರುವುದು. ಲೆನ್ಸಿನ ನಾಭಿದೂರವನ್ನು ಅದರ ಬಾಯಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಯಿದು. ಇದನ್ನು ಎಫ್ ಸಂಖ್ಯೆಯೆನ್ನುವರು. ಸಂಖ್ಯೆ ಕಿರಿದಾದಷ್ಟೂ ಬಾಯಿ ಹಿರಿದು. ಇದು ಮೊದಲು ಓದುವವರಿಗೆ ತಲೆಕೆಳಗಾಗಿ ತೋರುವುದು. ಅಂಗಡಿಯಲ್ಲಿ ದೊಡ್ಡ ಸಂಖ್ಯೆಯೇ ಮೇಲೆಂದು ಆರಿಸಿದವರನ್ನು ನಾವು ಕಂಡಿದ್ದೇವೆ. ೫.೬ನ್ನು ೧.೮ರಿಂದ ಭಾಗಿಸಿದರೆ ಮೂರಕ್ಕೆ ತುಸು ಹೆಚ್ಚು ಬರುವುದು. ಬೆಳಕು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಮೂರನ್ನು ಮೂರರಿಂದ ಗುಣಿಸಬೇಕು. ಹತ್ತರ ಹತ್ತಿರ ಆಗುವುದು. ನಮಗೆ ಕಡಿಮೆಬಿದ್ದದ್ದು ಇದೇ ಹತ್ತು. ನಾವು ಉದ್ದವನ್ನು ಕೊಂಡಿದ್ದೆವು, ಕೊಳ್ಳಬೇಕಾಗಿದ್ದದ್ದು ಅಗಲವನ್ನು.

ಈ ಅಗಲದ ಬಾಯಿಯ ಹುಡುಕಾಟವು ಛಾಯಾಚಿತ್ರಣದಷ್ಟೇ ಹಳೆಯದು. ಮೊದಲ ಕ್ಯಾಮರಾಗಳ ಮುಂದೆ ಜನರು ನಿಮಿಷಗಟ್ಟಲೆ ಅಲುಗದೆ ಕೂರಬೇಕಾಗುತ್ತಿತ್ತು. ೧೮೪೦ರಲ್ಲಿ ವಿಯೆನ್ನಾದ ಗಣಿತ ಪ್ರಾಧ್ಯಾಪಕರಾದ ಜೋಸೆಫ್ ಪೆಟ್ಸ್‌ವಾಲ್ ಎಂಬವರು ಲೆಕ್ಕಹಾಕಿ ರಚಿಸಿದ ಲೆನ್ಸು ಎಫ್ ೩.೬ರ ಸುಮಾರಿನದಾಗಿ, ಆ ತಪಸ್ಸನ್ನು ಬಹಳ ಮೊಟಕುಮಾಡಿತು. ೧೮೯೬ರಲ್ಲಿ ಜರ್ಮನಿಯ ಝೈಸ್ ಕಾರಖಾನೆಯ ಪೌಲ್ ರುಡಾಲ್ಫ್ ಎಂಬವರು ಆರು ಗಾಜುಗಳನ್ನು ಎರಡು ಕಡೆಗೂ ಸಮವಾಗಿ ಜೋಡಿಸಿ ಪ್ಲಾನಾರ್ ಎಂಬ ಲೆನ್ಸನ್ನು ರಚಿಸಿದರು. ೧೯೨೪ರಲ್ಲಿ ಡ್ರೆಸ್ಡೆನ್ ನಗರದಿಂದ ಹೊರಟ ಎರ್ಮನಾಕ್ಸ್ ಎಂಬ ಚಿಕ್ಕ ಕ್ಯಾಮರಾಕ್ಕೆ ಎಫ್ ೨ರ ಲೆನ್ಸಿತ್ತು. ಎರಿಕ್ ಸಾಲೊಮೊನ್ ಎಂಬವರು ಅದನ್ನು ಹಿಡಿದು ನ್ಯಾಯಾಲಯಗಳಲ್ಲಿಯೂ ಮಂತ್ರಿಗಳ ಸಭೆಗಳಲ್ಲಿಯೂ ಕೋಣೆಯ ಬೆಳಕಿನಲ್ಲಿಯೇ ಚಿತ್ರ ತೆಗೆದು ಹೆಸರಾದರು. ಆಮೇಲೆ ೧೯೩೫ರಲ್ಲಿ ಝೈಸಿನವರೇ ಆದ ಅಲೆಕ್ಸಾಂಡರ್ ಸ್ಮಕುಲಾ ಅವರು ಗಾಜಿನ ಮೇಲೆ ತೆಳುವಾದ ಲೇಪವನ್ನು ಹಚ್ಚಿ ಒಳಗಣ ಪ್ರತಿಫಲನವನ್ನು ತಗ್ಗಿಸುವ ಬಗೆಯನ್ನು ಕಂಡುಹಿಡಿದರು. ಪ್ಲಾನಾರಿನಂಥ ಅನೇಕ ಗಾಜುಗಳ ಲೆನ್ಸುಗಳಿಗೆ ಅದರಿಂದ ಹೊಸ ಜೀವ ಬಂದಿತು. ಇಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ೫೦ ಮಿಲಿಮೀಟರಿನ ಎಫ್ ೧.೮ ಲೆನ್ಸು ಆ ಪ್ಲಾನಾರಿನ ವಂಶದ್ದೇ. ನೂರು ವರುಷಗಳಿಂದ ತಿದ್ದಿ ತೀಡಿದ ರಚನೆ, ಲಕ್ಷಗಟ್ಟಲೆ ತಯಾರಿ. ಅದರ ಅಗ್ಗಕ್ಕೆ ಕಾರಣವು ಇದೇ ಹೊರತು ಅದರ ಹೀನತೆಯಲ್ಲ.

ಇವೆಲ್ಲ ದೂರದ ದೊಡ್ಡವರ ಕೆಲಸ, ನಮಗೇಕೆ ಎನ್ನುವವರಿಗೆ ಒಂದು ಮಾತು. ನಿಪ್ಪಾಣಿಗೆ ನೆರೆಯ ಪಟ್ಟಣವಾದ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಅವರು ೧೯೧೮ರ ಸುಮಾರಿಗೆ ಚಲನಚಿತ್ರದ ಕ್ಯಾಮರಾವನ್ನು ಸ್ವತಃ ತಯಾರಿಸಿ ಅದರಿಂದ ಚಿತ್ರಗಳನ್ನು ತೆಗೆದರು. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಕೈ ಅದು. ನಾವು ಕ್ಯಾಮರಾ ಕಟ್ಟಬೇಕಾಗಿಲ್ಲ, ಅದರ ಮುಂದಣ ಗಾಜನ್ನು ಆರಿಸಿದರೆ ಸಾಕು.

ಇನ್ನು ಆರಿಸುವ ವಿಷಯ. ಮಹಿಳೆಯರ ಕಬಡ್ಡಿಯ ಅಂಗಳವು ೧೨ ಮೀಟರು ಉದ್ದ, ೮ ಮೀಟರು ಅಗಲ. ಚಿತ್ರ ತೆಗೆಯುವವರು ಹಗ್ಗದ ಬಳಿಯಲ್ಲಿ ಕುಳಿತರೆ ದಾಳಿಯು ನಡೆಯುವ ಜಾಗವು ೬ ಮೀಟರಿನ ಆಚೆ ಈಚೆ ಇರುವುದು. ಸಾಧಾರಣ ಬೆಲೆಯ ಕ್ಯಾಮರಾಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನ ಮುಂದೆ ೫೦ ಮಿಲಿಮೀಟರಿನ ಲೆನ್ಸನ್ನು ಇಟ್ಟರೆ, ೬ ಮೀಟರು ದೂರದಲ್ಲಿ ಮೂರು ಮೀಟರಿಗೆ ತುಸು ಕಡಿಮೆ ಅಗಲದ ದೃಶ್ಯವು ತುಂಬಿಕೊಳ್ಳುವುದು. ದಾಳಿಯವಳೂ ಅವಳ ಕಾಲಿಗೆ ಬಿದ್ದ ಇಬ್ಬರೂ ಅದರಲ್ಲಿ ಅಡಗುವರು. ಕಬಡ್ಡಿಗೆ ಇದಕ್ಕಿಂತ ಒಪ್ಪುವ ಅಳತೆ ಬೇರಿಲ್ಲವೆಂಬುದು ನಮ್ಮ ಅಭಿಪ್ರಾಯ. ಕ್ಯಾನನ್, ನಿಕಾನ್ ಎರಡೂ ಕಂಪನಿಗಳಲ್ಲಿ ಈ ಲೆನ್ಸು ಕಡಿಮೆ ಬೆಲೆಗೆ ಹೊಸದಾಗಿಯೇ ದೊರೆಯುವುದು; ಬಳಸಿದ್ದಾದರೆ ಇನ್ನೂ ಕಡಿಮೆಗೆ.

ಕುಳಿತ ಜಾಗವು ತೀರ ಹತ್ತಿರವಾದರೆ ೩೫ ಮಿಲಿಮೀಟರಿನದು ಅನುಕೂಲ. ಅದೇ ೬ ಮೀಟರಿಗೆ ೪ ಮೀಟರು ಅಗಲವನ್ನು ಕಾಣಿಸುವುದು. ಗೆದ್ದ ಮೇಲೆ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವಾಗಲೂ ಅದೇ ಲೇಸು. ವಾಲಿಬಾಲಿನ ಅಂಗಳವು ೧೮ ಮೀಟರು ಉದ್ದ, ೯ ಮೀಟರು ಅಗಲ. ಅಲ್ಲಿ ೮೫ ಮಿಲಿಮೀಟರಿನ ಎಫ್ ೧.೮ ಬೇಕೆನಿಸುವುದು. ೧೦ ಮೀಟರಿನಿಂದ ಅದು ಬಲೆಯ ಮೇಲೆ ಜಿಗಿದ ಇಬ್ಬರನ್ನು ತುಂಬಿಕೊಳ್ಳುವುದು. ಇದರ ಬೆಲೆ ೫೦ರದಕ್ಕಿಂತ ಹೆಚ್ಚು. ಕ್ಯಾನನಿನ ೮೫ರ ಹಳೆಯ ಮಾದರಿಯು ೧೯೯೨ರಿಂದ ಬಂದದ್ದಾಗಿ ಬಳಸಿದವು ಮಾರಾಟಕ್ಕೆ ಬರುವುದುಂಟು, ಅದರ ಮೋಟರೂ ಚುರುಕಾದುದು. ಮೊದಲು ೫೦, ಒಂದೆರಡು ವರುಷ ಕಳೆದು ಹಣ ಕೂಡಿದರೆ ೮೫. ನಮ್ಮ ಕ್ರಮ ಇದೇ.

ಪತ್ರಿಕೆಯವರ ಕೈಯಲ್ಲಿ ಕಾಣುವ ೭೦-೨೦೦ರ ಎಫ್ ೨.೮ ಜೂಮ್ ಲೆನ್ಸನ್ನು ಕಂಡು ಆಸೆಪಡುವವರುಂಟು. ಅದು ಒಳ್ಳೆಯದು, ಸಂದೇಹವಿಲ್ಲ. ಆದರೆ ಹೆಸರಾದ ಕಂಪನಿಗಳಲ್ಲಿ ಹೊಸದಕ್ಕೆ ಲಕ್ಷವನ್ನು ಮೀರಿದ ಬೆಲೆ. ತೂಕವು ಒಂದು ಕಿಲೋ ದಾಟುವುದು. ಬೆಳಕಿನಲ್ಲಿಯಾದರೋ ಎಫ್ ೧.೮ರ ಅರ್ಧದಷ್ಟೂ ಇಲ್ಲ. ಕ್ರಿಕೆಟಿನಂತೆ ಆಟಗಾರರು ಬಹುದೂರ ಇರುವ ಆಟಕ್ಕೆ ಅದು ಬೇಕೇ ಬೇಕು. ಅಂಥದೊಂದು ರಾತ್ರಿಗೆ ಮದುವೆಯ ಚಿತ್ರ ತೆಗೆಯುವ ಸ್ಟುಡಿಯೋದವರಲ್ಲಿ ಬಾಡಿಗೆಗೆ ಕೇಳುವುದು ಜಾಣತನ. ಎಫ್ ೧.೪ರ ಲೆನ್ಸುಗಳ ಮಾತೂ ಹಾಗೆಯೇ: ಬೆಲೆಯು ಬಹಳ ಏರುವುದು, ಬೆಳಕು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚುವುದು, ಅಷ್ಟೆ. ಲೆನ್ಸಿಗೆ ಜೋಡಿಸಿ ದೂರವನ್ನು ಇಮ್ಮಡಿ ಹತ್ತಿರ ತರುವ ಪರಿವರ್ತಕವನ್ನಂತೂ ರಾತ್ರಿಗೆ ಮುಟ್ಟಲೇಬಾರದು. ಅದು ಬೆಳಕಿನ ನಾಲ್ಕರಲ್ಲಿ ಮೂರು ಪಾಲನ್ನು ನುಂಗುವುದು.

ಪಾಲಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. “ನಮ್ಮ ಮೊಬೈಲಿನ ಮೇಲೂ ಎಫ್ ೧.೮ ಎಂದೇ ಬರೆದಿದೆಯಲ್ಲ, ಅದೇಕೆ ಸಾಲದು?” ಎಂದು. ಪ್ರಶ್ನೆಯು ನ್ಯಾಯವಾದದ್ದು. ಎಫ್ ಸಂಖ್ಯೆಯು ಬರಿಯ ಅನುಪಾತವೆಂಬುದನ್ನು ಮೇಲೆ ಹೇಳಿದೆವು. ಮೊಬೈಲಿನ ಲೆನ್ಸಿನ ನಾಭಿದೂರವೇ ಆರೇಳು ಮಿಲಿಮೀಟರು. ಅದರ ಬಾಯಿ ಮೂರು ನಾಲ್ಕು ಮಿಲಿಮೀಟರು, ಎಂದರೆ ಒಂದು ತೊಗರಿಕಾಳಿನಷ್ಟು. ೫೦ ಮಿಲಿಮೀಟರಿನ ಎಫ್ ೧.೮ ಲೆನ್ಸಿನ ಬಾಯಿ ೨೮ ಮಿಲಿಮೀಟರಿನ ಹತ್ತಿರ. ವರ್ಗದ ಲೆಕ್ಕ ಹಾಕಿದರೆ, ಒಂದೇ ಜಾಗದಲ್ಲಿ ನಿಂತು ಒಂದೇ ಹುಡುಗಿಯನ್ನು ನೋಡುವಾಗ, ಈ ಲೆನ್ಸು ನಲವತ್ತು ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಹಿಡಿಯುವುದು. ಮೊಬೈಲು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಈ ಕೊರತೆಯನ್ನು ಮುಚ್ಚುವುದು. ಕುಳಿತವರಿಗೆ ಅದು ಸರಿ, ಓಡುವವಳಿಗೆ ಅಲ್ಲ. ಇದೇ ಜಾತಿಯ ಮತ್ತೊಂದು ಭ್ರಮೆ, ನಡುಕವನ್ನು ತಡೆಯುವ ಸಾಧನವುಳ್ಳ ಲೆನ್ಸು ಆಟವನ್ನು ನಿಲ್ಲಿಸುವುದೆಂಬುದು. ಅದು ತಡೆಯುವುದು ಚಿತ್ರ ತೆಗೆಯುವವರ ಕೈನಡುಕವನ್ನು. ಆಡುವವಳ ಕಾಲನ್ನು ಯಾವ ಸಾಧನವೂ ತಡೆಯದು.

ಬಳಸಿದ ಲೆನ್ಸನ್ನು ಕೊಳ್ಳುವವರಿಗೆ ಇದು ಸುಕಾಲ. ಕಂಪನಿಗಳು ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳ ಕಡೆಗೆ ಹೊರಳಿರುವುದರಿಂದ, ಮದುವೆಯ ಸ್ಟುಡಿಯೋದವರು ತಮ್ಮ ಹಳೆಯ ಸಾಮಾನನ್ನು ಮಾರುತ್ತಿದ್ದಾರೆ; ಚಿಕ್ಕೋಡಿ ನಿಪ್ಪಾಣಿಗಳಲ್ಲಿ ಇಲ್ಲದಿದ್ದರೆ ಗಡಿಯಾಚೆಯ ಕೊಲ್ಲಾಪುರ, ಸಾಂಗಲಿ, ಮಿರಜಗಳಲ್ಲಿ ವಿಚಾರಿಸಬಹುದು. ಆದರೆ ಹೊಂದಾಣಿಕೆಯನ್ನು ಮೊದಲು ನೋಡಬೇಕು. ನಿಕಾನಿನ ಡಿ ೩೦೦೦, ಡಿ ೫೦೦೦ರ ಸಾಲಿನ ಅಗ್ಗದ ಕ್ಯಾಮರಾಗಳಲ್ಲಿ ಫೋಕಸ್ ಮಾಡುವ ಮೋಟರು ಇಲ್ಲ. ಆದಕಾರಣ ‘ಎಎಫ್-ಡಿ’ ಎಂಬ ಹಳೆಯ ಲೆನ್ಸನ್ನು ಅವಕ್ಕೆ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು; ‘ಎಎಫ್-ಎಸ್’ ಎಂದಿರುವುದನ್ನು ಕೊಳ್ಳತಕ್ಕದ್ದು. ಡಿ ೭೦೦೦ರ ಸಾಲಿನವುಗಳಲ್ಲಿ ಮೋಟರು ಕ್ಯಾಮರಾದಲ್ಲಿಯೇ ಇದೆ. ಅವಕ್ಕೆ ಹಳೆಯ ಲೆನ್ಸೂ ಆದೀತು, ಹಣವೂ ಉಳಿದೀತು. ಕ್ಯಾನನಿನ ಇಎಫ್ ಲೆನ್ಸುಗಳಲ್ಲಿ ಮೋಟರು ಲೆನ್ಸಿನಲ್ಲಿಯೇ ಇರುವುದರಿಂದ ಈ ತೊಡಕಿಲ್ಲ; ಮುಂದೆ ಆ ಕಂಪನಿಯ ಕನ್ನಡಿಯಿಲ್ಲದ ಕ್ಯಾಮರಾ ಕೊಂಡರೂ ಜೋಡಣೆಯ ಬಳೆಯೊಂದನ್ನು ಹಾಕಿ ಬಳಸಬಹುದು.

ಅಂಗಡಿಗೆ ಹೋಗುವಾಗ ಸಣ್ಣ ಬ್ಯಾಟರಿ ಜೊತೆಗಿರಲಿ. ಎರಡು ಮುಚ್ಚಳಗಳನ್ನೂ ತೆಗೆದು ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ, ಮಳೆಗಾಲದ ತೇವದಿಂದ ಬೆಳೆದ ಬೂಷ್ಟು ಜೇಡರ ಬಲೆಯ ಎಳೆಗಳಂತೆ ಕಾಣಿಸುವುದು. ಬೂಷ್ಟು ಹಿಡಿದ ಲೆನ್ಸು ಎಷ್ಟು ಅಗ್ಗವಾದರೂ ಬೇಡ; ಅದು ಕಪಾಟಿನ ಮಿಕ್ಕವಕ್ಕೂ ಹಬ್ಬೀತು. ಒಂದೆರಡು ಧೂಳಿನ ಕಣಗಳಿಗೆ ಅಂಜಬೇಕಾಗಿಲ್ಲ. ಬಳಿಕ ಬಾಯಿಯನ್ನು ಪೂರ್ತಿ ತೆರೆದಿಟ್ಟು ಅಂಗಡಿಯ ಎದುರಿನ ಫಲಕದ ಚಿತ್ರವನ್ನು ಹತ್ತು ಸಲ ತೆಗೆದು, ದೊಡ್ಡದು ಮಾಡಿ, ಅಕ್ಷರಗಳು ಪ್ರತಿಸಲವೂ ಸ್ಪಷ್ಟವಾಗಿವೆಯೇ ಎಂದು ನೋಡಿರಿ. ಅಂಗಡಿಯವರು ಬೇಸರಪಟ್ಟರೆ ಪಡಲಿ.

ಲೆನ್ಸು ಬಂದ ಮೇಲೂ ಅರ್ಧ ಕೆಲಸ ಉಳಿದೇ ಇರುವುದು. ಅಗಲದ ಬಾಯಿಗೆ ಒಂದು ದೋಷವುಂಟು: ಸ್ಪಷ್ಟವಾಗಿ ಕಾಣುವ ಆಳವು ತೆಳುವಾಗುವುದು. ೫೦ರ ಲೆನ್ಸನ್ನು ಪೂರ್ತಿ ತೆರೆದು ೬ ಮೀಟರಿಗೆ ಫೋಕಸ್ ಮಾಡಿದರೆ ಹಿಂದೆ ಮುಂದೆ ಸೇರಿ ಒಂದು ಮೀಟರಿನಷ್ಟು ಮಾತ್ರ ಸ್ಪಷ್ಟ. ೮೫ರದಾದರೆ ಅದೇ ದೂರಕ್ಕೆ ಒಂದು ಮೊಳಕ್ಕೂ ಕಡಿಮೆ. ಆದುದರಿಂದ ಕ್ಯಾಮರಾವನ್ನು ಎಡೆಬಿಡದೆ ಫೋಕಸ್ ಬದಲಿಸುವ ಕ್ರಮದಲ್ಲಿಡಬೇಕು. ಕ್ಯಾನನಿನಲ್ಲಿ ಇದಕ್ಕೆ ಎಐ ಸರ್ವೋ ಎಂದೂ ನಿಕಾನಿನಲ್ಲಿ ಎಎಫ್-ಸಿ ಎಂದೂ ಹೆಸರು. ನಡುವಣ ಚುಕ್ಕೆಯನ್ನು ಹುಡುಗಿಯ ಎದೆಯ ಅಂಕಿಯ ಮೇಲೆ ಇಡುವುದು ಒಳ್ಳೆಯದು. ಮೋಟರಿಗೆ ಹಿಡಿದುಕೊಳ್ಳಲು ಅಲ್ಲಿ ಕಪ್ಪು ಬಿಳುಪಿನ ಅಂಚಿರುವುದು. ಕೈಯಿಂದಲೇ ಫೋಕಸ್ ಮಾಡಬೇಕಾದವರು ಹೀಗೆ ಮಾಡಲಿ: ಮಹಿಳೆಯರ ಅಂಗಳದಲ್ಲಿ ನಡುಗೆರೆಯಿಂದ ೩ ಮೀಟರು ಒಳಗೆ ಒಂದು ಗೆರೆಯಿದೆ, ದಾಳಿಯವಳು ಹಿಡಿತಕ್ಕೆ ಸಿಕ್ಕದೆ ಮರಳಬೇಕಾದರೆ ಮುಟ್ಟಾದರೂ ಆಗಬೇಕು, ಆ ಗೆರೆಯನ್ನಾದರೂ ದಾಟಬೇಕು. ಮೊದಲೇ ಆ ಗೆರೆಗೆ ಫೋಕಸ್ ಮಾಡಿಟ್ಟು ಕಾದರೆ ಅವಳೇ ಅಲ್ಲಿಗೆ ಬರುವಳು.

ಐಎಸ್‌ಓ ಎಂಬ ಸಂಖ್ಯೆಯನ್ನು ೩೨೦೦ಕ್ಕೂ, ಬೇಕಾದರೆ ೬೪೦೦ಕ್ಕೂ ಏರಿಸಲು ಹಿಂಜರಿಯಬಾರದು. ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಂಡೀತು, ಮರಳಿನೊಳಗೆ ಮುಖವಿರುವುದು. ಅಲುಗಿದ ಚಿತ್ರದಲ್ಲಿ ಮುಖವೇ ಇರದು, ಮತ್ತು ಅದನ್ನು ಯಾವ ತಂತ್ರವೂ ಮರಳಿ ತರಲಾರದು. ಫ್ಲ್ಯಾಷು ಬೇಡ. ದೂರವು ಇಮ್ಮಡಿಯಾದರೆ ಅದರ ಬೆಳಕು ನಾಲ್ಕರಲ್ಲಿ ಒಂದಕ್ಕೆ ಇಳಿಯುವುದು. ಅದಕ್ಕಿಂತಲೂ, ಉಸಿರು ಹಿಡಿದು ನಿಂತ ಹುಡುಗಿಯ ಕಣ್ಣಿಗೆ ಅದನ್ನು ಹೊಡೆಯುವುದು ಅನ್ಯಾಯ. ಲೆನ್ಸಿನ ಮುಂದೆ ರಕ್ಷಣೆಗೆಂದು ಹಾಕಿದ ಅಗ್ಗದ ಗಾಜನ್ನು ರಾತ್ರಿ ಬಿಚ್ಚಿಡಿರಿ. ಅದರಲ್ಲಿ ಕಂಬದ ದೀಪಗಳು ಪ್ರತಿಬಿಂಬಿಸಿ ಚಿತ್ರದ ತುಂಬ ಹಸಿರು ಚುಕ್ಕೆಗಳು ಬೀಳುವುವು.

ಒಂದು ವಿಚಿತ್ರವು ನಮ್ಮನ್ನು ಬಹಳ ಕಾಡಿತು. ಒಂದೇ ಕ್ಷಣದಲ್ಲಿ ಸಾಲಾಗಿ ತೆಗೆದ ಐದು ಚಿತ್ರಗಳಲ್ಲಿ ಎರಡು ಬೆಳ್ಳಗೆ, ಎರಡು ಮಂಕು, ಒಂದು ಹಳದಿ. ಕ್ಯಾಮರಾ ಕೆಟ್ಟಿತೆಂದೇ ಭಾವಿಸಿದ್ದೆವು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆವರ್ತಿಸುವುದಾಗಿ, ಎಷ್ಟೋ ಬಗೆಯ ದೀಪಗಳು ಸೆಕೆಂಡಿಗೆ ೧೦೦ ಸಲ ಏರಿ ಇಳಿಯುವುವು. ಕಣ್ಣಿಗೆ ತಿಳಿಯದು, ಐನೂರರಲ್ಲಿ ಒಂದು ಪಾಲು ತೆರೆಯುವ ಶಟರಿಗೆ ತಿಳಿಯುವುದು. ೨೦೧೪ರಲ್ಲಿ ಬಂದ ಕ್ಯಾನನಿನ ೭ಡಿ ಮಾರ್ಕ್ ೨ ಎಂಬ ಕ್ಯಾಮರಾದಲ್ಲಿ ಈ ಏರಿಳಿತವನ್ನು ಗಮನಿಸಿ ಏರಿದಾಗಲೇ ಕದ ತೆರೆಯುವ ಏರ್ಪಾಡಿತ್ತು. ಈಚೆಗೆ ಬೇರೆ ಹಲವು ಕ್ಯಾಮರಾಗಳಲ್ಲಿಯೂ ಇದೆ. ಇಲ್ಲದವರು ಒಂದರ ಬದಲು ನಾಲ್ಕು ಚಿತ್ರ ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳಬೇಕು. ಊರಿನ ವಾಯರ್‌ಮನ್ ಪರಿಚಯದವರಾಗಿದ್ದರೆ, ಕಂಬದ ದೀಪಗಳನ್ನು ಒಂದೇ ಫೇಜಿಗೆ ಕಟ್ಟದೆ ಮೂರು ಫೇಜುಗಳಿಗೆ ಹಂಚಲು ಕೇಳಿರಿ. ಒಂದು ಇಳಿದಾಗ ಮತ್ತೊಂದು ಏರಿ ಬೆಳಕು ಸಮವಾಗುವುದು.

ದೀಪದ ಮಾತು ಬಂದದ್ದರಿಂದ, ಎಲ್ಲಕ್ಕಿಂತ ಅಗ್ಗದ ಉಪಾಯವನ್ನು ಹೇಳಿಬಿಡುವೆವು. ಪಂದ್ಯ ನಡೆಸುವವರನ್ನು ಸಂಜೆಯೇ ಕಂಡು, ಜನರ ಮೇಲೆ ಬೀಳುತ್ತಿರುವ ದೀಪಗಳನ್ನು ಅಂಗಳದ ಕಡೆಗೆ ತಿರುಗಿಸಿರೆಂದು ಕೇಳಬೇಕು; ಸಾಧ್ಯವಾದರೆ ಇನ್ನೆರಡು ದೀಪಗಳನ್ನು ಒಂದು ರಾತ್ರಿಗೆ ಬಾಡಿಗೆಗೆ ತರಿಸಬೇಕು. ಅಂಗಳದ ಬೆಳಕು ಇಮ್ಮಡಿಯಾದರೆ ಪ್ರತಿಯೊಂದು ಲೆನ್ಸಿಗೂ ಇಮ್ಮಡಿ ಬೆಳಕು ಸಿಗುವುದು. ಪಾಲಕರ ಮೊಬೈಲುಗಳಿಗೂ ಸಿಗುವುದು, ಆಡುವವರಿಗೂ ಗೆರೆ ಕಾಣುವುದು. ಎಫ್ ೧.೮ನ್ನು ಎಫ್ ೧.೨ ಮಾಡಲು ಹೊರಟರೆ ಇದೇ ಇಮ್ಮಡಿಗೆ ದೊಡ್ಡ ಮೊತ್ತವನ್ನು ಸುರಿಯಬೇಕಾದೀತು. ನೀವು ಕೂರುವಾಗ ದೀಪವು ನಿಮ್ಮ ಬೆನ್ನ ಹಿಂದಿರಲಿ, ದಾಳಿಯವಳ ಮುಖ ನಿಮ್ಮ ಕಡೆಗಿರಲಿ. ಅದಕ್ಕಾಗಿ ಆಟದ ಅರ್ಧದಲ್ಲಿ ತಂಡಗಳು ಬದಿ ಬದಲಿಸಿದಾಗ ನೀವೂ ಎದ್ದು ಬದಿ ಬದಲಿಸಬೇಕು. ಜಾಗ ಬಿಟ್ಟು ಎದ್ದರೆ ಇನ್ನೊಬ್ಬರು ಕೂತುಬಿಡುವರೆಂಬುದು ನಿಜ. ನಾವು ಕಂಬಳಿಯೊಂದನ್ನು ಎರಡೂ ಕಡೆ ಹಾಸಿಡುತ್ತೇವೆ.

ನಮ್ಮ ಉದ್ದನೆಯ ಲೆನ್ಸನ್ನು ಮಾರಲಿಲ್ಲ; ಹಗಲಿನ ಕ್ರೀಡಾದಿನಕ್ಕೆ ಅದು ಚೆನ್ನಾಗಿ ನಡೆಯುತ್ತದೆ. ಬಳಸಿದ ೫೦ರ ಎಫ್ ೧.೮ ಲೆನ್ಸೊಂದನ್ನು ಕೊಂಡು ಎರಡು ಚಳಿಗಾಲ ಕಳೆದಿವೆ. ಮೊದಲ ರಾತ್ರಿ ಮುನ್ನೂರರಲ್ಲಿ ಹನ್ನೊಂದು ಚಿತ್ರಗಳು ಚೆನ್ನಾಗಿ ಬಂದವು. ಈಗ ಮೂವತ್ತು ನಲವತ್ತು ಬರುತ್ತವೆ. ಆ ಹನ್ನೊಂದರಲ್ಲಿ ಒಂದು, ಮೇಲೆ ಹೇಳಿದ ಹುಡುಗಿಯ ತಂಗಿಯದು. ಅಕ್ಕನ ಚಿತ್ರವಂತೂ ಇನ್ನು ದೊರೆಯುವಂಥದ್ದಲ್ಲ. ತಂಗಿಯು ಗೆರೆಯ ಮೇಲೆ ಅಡ್ಡಬಿದ್ದು ಕೈ ಚಾಚಿರುವ ಚಿತ್ರವನ್ನು ಅಚ್ಚುಹಾಕಿಸಿ ಕೊಟ್ಟಾಗ, ಅವರ ತಾಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕಾಲಾಗ ಏನೂ ಹಾಕ್ಕೊಂಡಿಲ್ಲಲ್ರಿ ಈಕಿ?” ಎಂದು ಕೇಳಿದರು. ಮಣ್ಣಿನ ಅಂಗಳದಲ್ಲಿ ಬರಿಗಾಲಲ್ಲೇ ಆಡುವರೆಂದು ನಾವು ತಿಳಿಸಿದೆವು.

ಲೆನ್ಸು ಶಾಲೆಯ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ, ಗಾಳಿಯಾಡದ ಡಬ್ಬಿಯಲ್ಲಿದೆ. ಹೊಂದುವ ಕ್ಯಾಮರಾವುಳ್ಳ ಪಾಲಕರೂ ಮಾಜಿ ವಿದ್ಯಾರ್ಥಿನಿಯರೂ ಪಂದ್ಯದ ರಾತ್ರಿಗೆ ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಮರುದಿನ ಹತ್ತು ಗಂಟೆಯೊಳಗೆ ತಂದೊಪ್ಪಿಸಬೇಕು. ಅದರ ಮುಂದಿನ ಮುಚ್ಚಳವು ಕಳೆದ ಪಂದ್ಯದ ರಾತ್ರಿ ಅಂಗಳದ ಬಳಿಯಲ್ಲಿ ಎಲ್ಲಿಯೋ ಬಿದ್ದುಹೋಗಿದೆ. ಸಿಕ್ಕಿದವರು ದಯಮಾಡಿ ಶಾಲೆಗೆ ಮುಟ್ಟಿಸಬೇಕಾಗಿ ವಿನಂತಿ.